ದಿನಾ ಓಡಿಸೋ ಸೈಕಲ್‌ಗೆ ಗಟ್ಟಿ ಕಪ್ಪು ಚಕ್ರ: ಅಳತೆಯಿಂದ ಕಡ್ಡಿಯವರೆಗೆ, ಹಂತ ಹಂತವಾಗಿ

ಕಪ್ಪು ಚಕ್ರ ಕೊಂಡವರು ಮತ್ತೆ ಮತ್ತೆ ಎರಡೇ ದೂರು ಹೇಳುತ್ತಾರೆ. ಒಂದು, ತಂದ ಚಕ್ರ ಫ್ರೇಮಿಗೆ ಕೂರಲಿಲ್ಲ. ಇನ್ನೊಂದು, ಕೂತಿತು, ಆದರೆ ಕೆಲವೇ ತಿಂಗಳಲ್ಲಿ ಹಿಂದಿನ ಕಡ್ಡಿಗಳು ಒಂದೊಂದಾಗಿ ಮುರಿಯೋಕೆ ಶುರುವಾದವು. ಎರಡರ ಹಿಂದೆಯೂ ಸಾಮಾನ್ಯವಾಗಿ ಒಂದೇ ಕಥೆ: ಆಯ್ಕೆ ಬಣ್ಣದಿಂದ ಶುರುವಾಗಿರುತ್ತದೆ. ಫೋಟೋ ನೋಡಿದರು, ರಿಮ್ ಇಷ್ಟವಾಯಿತು, ಆರ್ಡರ್ ಹಾಕಿದರು. ಹಬ್ಬು (ಚಕ್ರದ ನಡುವೆ ಕಡ್ಡಿಗಳು ಸೇರುವ ಭಾಗ), ಕಡ್ಡಿ, ಅಳತೆ ಎಲ್ಲಾ ಆಮೇಲೆ ನೆನಪಾಯಿತು.

ಹಾಗಾಗಿ ಕೆಳಗಿನ ಕ್ರಮವನ್ನು ದಯವಿಟ್ಟು ಹಿಂದೆ ಮುಂದೆ ಮಾಡಬೇಡಿ. ಇದು ದಿನಾ ಆಫೀಸಿಗೋ ಕಾಲೇಜಿಗೋ ಸೈಕಲ್ ತುಳಿಯುವವರಿಗೆ. ಬೆನ್ನ ಮೇಲೆ ಲ್ಯಾಪ್‌ಟಾಪ್, ದಾರಿಯಲ್ಲಿ ಲೆಕ್ಕವಿಲ್ಲದಷ್ಟು ಹಂಪ್ಸ್, ಪೈಪ್ ಹಾಕೋಕೆ ಅಗೆದು ಅರೆಬರೆ ಮುಚ್ಚಿದ ರಸ್ತೆ, ಜೂನ್ ಬಂದರೆ ಮಳೆ. ರೇಸ್ ಓಡಿಸುವವರ ಲೆಕ್ಕಾಚಾರವೇ ಬೇರೆ, ಅದು ಇಲ್ಲಿ ಬೇಡ.

## ಕೈಯಲ್ಲಿ ಇರಬೇಕಾದ ಸಾಮಾನು

ಆಯ್ಕೆ ಮಾಡೋಕೆ ಬೇಕಿರುವುದು ಸ್ವಲ್ಪವೇ. ಒಂದು ವರ್ನಿಯರ್ ಕ್ಯಾಲಿಪರ್, ಪ್ಲಾಸ್ಟಿಕ್ಕಿನದಾದರೂ ನಡೆಯುತ್ತದೆ. ಒಂದು ಸಣ್ಣ ಅಯಸ್ಕಾಂತ, ಫ್ರಿಜ್ ಬಾಗಿಲಿಗೆ ಅಂಟಿಸಿರೋದನ್ನೇ ಕಿತ್ತುಕೊಂಡು ಹೋಗಿ. ಮೊಬೈಲ್ ಟಾರ್ಚ್. ಒಂದೆರಡು ಜಿಪ್ ಟೈ. ಅಳತೆ ಬರೆದುಕೊಳ್ಳೋಕೆ ಒಂದು ಚೀಟಿ.

ಚಕ್ರವನ್ನು ನೀವೇ ಕೂರಿಸುವುದಾದರೆ ಇನ್ನಷ್ಟು ಬೇಕು: ನಟ್ ಇರುವ ಆಕ್ಸಲ್‌ಗೆ 15 ಮಿ.ಮೀ. ಸ್ಪ್ಯಾನರ್, ನಿಮ್ಮ ನಿಪ್ಪಲ್‌ಗೆ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್) ಸರಿಯಾಗಿ ಕೂರುವ ಕೀ, ಕ್ಯಾಸೆಟ್ ಅಥವಾ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬಿಚ್ಚುವ ಟೂಲ್. ನಿಪ್ಪಲ್ ಕೀ ವಿಷಯದಲ್ಲಿ ರಾಜಿ ಬೇಡ. ಹತ್ತು ಕಚ್ಚು ಇರುವ ಗುಂಡಗಿನ ಅಗ್ಗದ ಕೀ ಹಾಕಿ ತಿರುಗಿಸಿದರೆ ನಿಪ್ಪಲ್ ಮೂಲೆ ಸವೆದು ದುಂಡಗಾಗುತ್ತದೆ. ಆಮೇಲೆ ಯಾವ ಕೀನೂ ಹಿಡಿಯಲ್ಲ.

## ಹಂತ 1: ಟೈರಿನ ಪಕ್ಕದಲ್ಲಿರುವ ಅಂಕೆ ಓದಿ

ಈಗಿರುವ ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಒರೆಸಿ ನೋಡಿ. 37-622, 50-559 ಈ ಥರ ಎರಡು ಅಂಕೆ ನಡುವೆ ಒಂದು ಗೆರೆ ಇರುತ್ತದೆ. ಮೊದಲನೆಯದು ಟೈರಿನ ಅಗಲ. ಎರಡನೆಯದು ಟೈರ್ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಚಕ್ರ ಕೊಳ್ಳುವಾಗ ನಂಬಬೇಕಾದದ್ದು ಈ ಎರಡನೇ ಅಂಕೆಯನ್ನು ಮಾತ್ರ.

ಇಂಚಿನ ಲೆಕ್ಕ ನಂಬಿದವರೇ ಜಾಸ್ತಿ ಮೋಸ ಹೋಗುವುದು. ಹೈಬ್ರಿಡ್ ಸೈಕಲ್ಲಿನ 700ಸಿ, ಮೌಂಟನ್ ಬೈಕಿನ 29 ಇಂಚು, ಕೆಲವು ಕಡೆ 28 ಇಂಚು ಅಂತ ಬರೆಯುವುದು, ಈ ಮೂರೂ 622. ಆದರೆ ನಮ್ಮ ಹಳೇ ಕಪ್ಪು ಸೈಕಲ್ಲಿನ 28 x 1½ ಮಾತ್ರ 635. ಎರಡೂ 28 ಇಂಚೇ, ಆದರೂ ಒಂದರ ಟೈರ್ ಇನ್ನೊಂದಕ್ಕೆ ಆಗಲ್ಲ. 26 ಇಂಚಿನದೂ ಇದೇ ಗೋಳು. ಗೇರ್ ಸೈಕಲ್ಲಿನ ದಪ್ಪ ಟೈರಿನ 26 ಅಂದರೆ 559. ಲೇಡೀಸ್ ಸೈಕಲ್ಲಿನ 26 x 1⅜ ಅಂದರೆ 590. 27.5 ಇಂಚಿನದು 584.

ಹಳೇ ಕಪ್ಪು ಸೈಕಲ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅದರ ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಪಕ್ಕಕ್ಕೆ ಒತ್ತುವುದಿಲ್ಲ, ಹಬ್ ಕಡೆ ತಿರುಗಿದ ಒಳಮುಖಕ್ಕೆ ಒತ್ತುತ್ತದೆ. ಹೊಸ ಥರದ ಅಲಾಯ್ (ಅಲ್ಯುಮಿನಿಯಂ) ರಿಮ್ ಹಾಕಿದರೆ ಆ ಬ್ರೇಕ್ ಕೆಲಸಕ್ಕೆ ಬರಲ್ಲ. ಅದಕ್ಕೆ ಅದೇ ಆಕಾರದ 635 ರಿಮ್ ಹುಡುಕಬೇಕು, ಇಲ್ಲವೇ ಬ್ರೇಕನ್ನೇ ಬದಲಿಸಬೇಕು.

## ಹಂತ 2: ಬ್ರೇಕ್ ಯಾವುದು ನೋಡಿ, ಕಪ್ಪಿನ ತೀರ್ಮಾನ ಇಲ್ಲೇ

ಕಪ್ಪು ಬಣ್ಣ ಎಷ್ಟು ಕಾಲ ಉಳಿಯುತ್ತದೆ ಅನ್ನುವುದು ಬ್ರೇಕಿನ ಮೇಲೆ ನಿಂತಿದೆ.

ಡಿಸ್ಕ್ ಬ್ರೇಕ್ ಇದ್ದರೆ ನಿಮಗೆ ಚಿಂತೆ ಇಲ್ಲ. ರಬ್ಬರ್ ರಿಮ್ಮನ್ನು ಮುಟ್ಟುವುದೇ ಇಲ್ಲ. ಪೂರ್ತಿ ಕಪ್ಪು ರಿಮ್ ತೊಗೊಳ್ಳಿ, ವರ್ಷಗಟ್ಟಲೆ ಹಾಗೇ ಇರುತ್ತದೆ.

ರಿಮ್ ಬ್ರೇಕ್, ಅಂದರೆ ವಿ ಬ್ರೇಕೋ ಕ್ಯಾಲಿಪರೋ ಇದ್ದರೆ ಪೂರ್ತಿ ಕಪ್ಪು ರಿಮ್ ತೊಗೊಳ್ಳಬೇಡಿ. ಮೊದಮೊದಲು ಬ್ರೇಕ್ ಜಾರಿದ ಹಾಗೆ ಅನಿಸುತ್ತದೆ, ಮಳೆಯಲ್ಲಿ ಇನ್ನೂ ಜಾಸ್ತಿ. ಆಮೇಲೆ ಕಪ್ಪು ಪದರ ಅಲ್ಲಲ್ಲಿ ಸವೆಯುತ್ತದೆ. ಒಂದು ಕಡೆ ಬೆಳ್ಳಿ, ಒಂದು ಕಡೆ ಕಪ್ಪು. ಹಿಡಿತವೂ ಹಾಗೇ ಆಗುತ್ತದೆ: ಒಂದು ಸುತ್ತಿನಲ್ಲೇ ಒಮ್ಮೆ ಗಪ್ಪನೆ ಹಿಡಿದು ಒಮ್ಮೆ ಬಿಡುತ್ತದೆ. ಕೀರಲು ಸದ್ದು ಬೇರೆ. ಅಷ್ಟರಲ್ಲಿ ನೋಡೋಕೂ ಚೆನ್ನಾಗಿರಲ್ಲ, ಯಾವುದಕ್ಕೋಸ್ಕರ ಕಪ್ಪು ತಂದಿದ್ದೋ ಅದೇ ಹೋಗಿರುತ್ತದೆ.

ರಿಮ್ ಬ್ರೇಕಿನವರು ಕೇಳಬೇಕಾದದ್ದು ಇದು: ಮೈಯೆಲ್ಲಾ ಕಪ್ಪು, ಬ್ರೇಕ್ ರಬ್ಬರ್ ಒರೆಸುವ ಪಟ್ಟಿ ಮಾತ್ರ ಮೆಷಿನ್ನಿನಲ್ಲಿ ಸಮ ಮಾಡಿದ ಬೆಳ್ಳಿ ಬಣ್ಣ. ಆ ಪಟ್ಟಿಯ ಮೇಲೆ ಬೆರಳು ಒತ್ತಿ ಒಂದು ಸುತ್ತು ಎಳೆಯಿರಿ. ಸಣ್ಣ ಗೀರು ಗೀರು ಸಿಗಬೇಕು, ಎಲ್ಲೂ ಎಡವಬಾರದು. ಕೆಲವು ರಿಮ್‌ಗಳಲ್ಲಿ ಪಟ್ಟಿಯ ಮಧ್ಯೆ ಒಂದು ತೆಳು ಕಾಲುವೆಯೋ ಸಣ್ಣ ಚುಕ್ಕಿಯೋ ಇರುತ್ತದೆ. ಅದು ಡಿಸೈನ್ ಅಲ್ಲ, ಸವೆತದ ಗುರುತು. ಅದು ಅಳಿಸಿಹೋದ ದಿನ ರಿಮ್ ಬದಲಿಸಬೇಕು. ಗುರುತು ಇರುವ ರಿಮ್ ಸಿಕ್ಕರೆ ಅದನ್ನೇ ಆರಿಸಿ.

ಇನ್ನು ಕಪ್ಪಿನಲ್ಲಿ ಬಗೆ ಬಗೆ ಇದೆ. ಅನೋಡೈಸ್ ಮಾಡಿದ ಕಪ್ಪು ಲೋಹದ ಮೈಗೇ ಸೇರಿರುತ್ತದೆ, ಸಿಪ್ಪೆ ಏಳಲ್ಲ. ಪೌಡರ್ ಕೋಟ್ ದಪ್ಪ, ಗಟ್ಟಿ, ಆದರೆ ಕಲ್ಲು ಬಡಿದ ಕಡೆ ಚಕ್ಕೆ ಹಾರುತ್ತದೆ. ಮಾಮೂಲಿ ಪೇಂಟು ಎಲ್ಲಕ್ಕಿಂತ ಬೇಗ ಹೋಗುತ್ತದೆ. ಪತ್ತೆ ಹಚ್ಚೋಕೆ ವಾಲ್ವ್ ತೂತಿನ ಒಳ ಅಂಚು ನೋಡಿ. ಪೇಂಟ್ ಆಗಿದ್ದರೆ ಅಲ್ಲಿ ಬಣ್ಣ ಗಂಟು ಕಟ್ಟಿರುತ್ತದೆ ಅಥವಾ ಉಗುರಿಗೆ ಏಳುತ್ತದೆ.

ಅಯಸ್ಕಾಂತವನ್ನೂ ಈಗಲೇ ತೆಗೆಯಿರಿ. ರಿಮ್ಮಿಗೆ ಟಪ್ಪನೆ ಅಂಟಿದರೆ ಅದು ಕಬ್ಬಿಣ. ಕಪ್ಪು ಪೇಂಟ್ ಹೊಡೆದ ಕಬ್ಬಿಣದ ರಿಮ್ ಕಡ್ಡಿಯ ತೂತುಗಳಿಂದ ತುಕ್ಕು ಹಿಡಿಯುತ್ತಾ ಬರುತ್ತದೆ, ಹೊರಗೆ ಕಾಣುವ ಹೊತ್ತಿಗೆ ಒಳಗೆ ಹೋಗಿರುತ್ತದೆ. ಅಲಾಯ್ ರಿಮ್ಮಿಗೆ ಅಂಟುವುದಿಲ್ಲ.

## ಹಂತ 3: ಫ್ರೇಮಿನ ಅಗಲ, ಆಕ್ಸಲ್, ಗೇರ್

ಚಕ್ರ ತೆಗೆದು ಫೋರ್ಕಿನ ಎರಡು ಕಾಲಿನ ಒಳ ಅಂತರ ಅಳೆಯಿರಿ. ಮುಂದೆ ಸಾಮಾನ್ಯವಾಗಿ 100 ಮಿ.ಮೀ. ಹಿಂದೆ ರೋಡ್ ಬೈಕಿನಲ್ಲಿ ಹೆಚ್ಚಾಗಿ 130, ಹೈಬ್ರಿಡ್ ಮತ್ತು ಮೌಂಟನ್ ಬೈಕಿನಲ್ಲಿ 135. ಫ್ರೇಮಿನ ತೂತಿನಲ್ಲಿ ತೂರಿಸಿ ಬಿಗಿಯುವ ದಪ್ಪನೆಯ ಥ್ರೂ ಆಕ್ಸಲ್ ಇದ್ದರೆ ಹಿಂದೆ 142 ಅಥವಾ 148 ಬರಬಹುದು. ಆಗ ಆಕ್ಸಲ್ಲಿನ ದಪ್ಪವನ್ನೂ ಅಳೆದು ಬರೆದುಕೊಳ್ಳಿ.

"ಐದು ಮಿಲಿಮೀಟರ್ ತಾನೇ, ಅಗಲಿಸಿ ಕೂರಿಸ್ತೀನಿ" ಅನ್ನುವ ಮೆಕ್ಯಾನಿಕ್‌ಗಳು ಸಿಗುತ್ತಾರೆ. ಸ್ಟೀಲ್ ಫ್ರೇಮ್ ಸ್ವಲ್ಪ ಬಗ್ಗುತ್ತದೆ. ಅಲಾಯ್ ಫ್ರೇಮನ್ನು ಹಾಗೆ ಅಗಲಿಸಿದರೆ ಬೆಸುಗೆ ಹತ್ತಿರ ಬಿರುಕು ಬಿಡಬಹುದು. ಹಾಗೆ ಮಾಡೋಕೆ ಬಿಡಬೇಡಿ, ಸರಿಯಾದ ಅಗಲದ್ದೇ ಹುಡುಕಿ.

ಆಮೇಲೆ ನೋಡಬೇಕಾದದ್ದು, ಹಿಂದಿನ ಹಲ್ಲುಚಕ್ರ ಫ್ರೀವೀಲೋ ಕ್ಯಾಸೆಟ್ಟೋ ಅನ್ನುವುದು. ಚಕ್ರ ಬಿಚ್ಚಿ ಹಲ್ಲುಗಳನ್ನು ಹಿಮ್ಮುಖವಾಗಿ ತಿರುಗಿಸಿ. ಮಧ್ಯದಲ್ಲಿ ಟೂಲ್ ಕೂರುವ ಕಚ್ಚುಗಳೂ ಹಲ್ಲುಗಳ ಜೊತೆ ತಿರುಗಿದರೆ ಅದು ಕ್ಯಾಸೆಟ್. ಕಚ್ಚುಗಳು ಸುಮ್ನೆ ನಿಂತಿದ್ದು ಹಲ್ಲು ಮಾತ್ರ ತಿರುಗಿದರೆ ಫ್ರೀವೀಲ್. ಒಂದರ ಹಬ್ಬಿಗೆ ಇನ್ನೊಂದು ಕೂರಲ್ಲ. ಚಕ್ರ ತಂದ ಮೇಲೆ ಇದು ಗೊತ್ತಾದರೆ ಮತ್ತೆ ಖರ್ಚು.

ಫ್ರೀವೀಲ್ ಹಬ್ಬಿನ ದೌರ್ಬಲ್ಯ ಒಂದು ಹೇಳಲೇಬೇಕು. ಅದರಲ್ಲಿ ಚೈನ್ ಕಡೆಯ ಬೇರಿಂಗ್ ಫ್ರೇಮಿನಿಂದ ದೂರ, ಒಳಗೆ ಇರುತ್ತದೆ. ಅಷ್ಟು ಉದ್ದದ ಆಕ್ಸಲ್ ಆಸರೆ ಇಲ್ಲದೆ ಭಾರ ಹೊರಬೇಕು. ಹಂಪ್ ಹಾರಿಸಿ ಹಾರಿಸಿ ಕೊನೆಗೆ ಬಾಗುತ್ತದೆ, ಇಲ್ಲ ಮುರಿಯುತ್ತದೆ. ಏಳು ಗೇರಿನ ಅಗ್ಗದ ಹೈಬ್ರಿಡ್‌ಗಳಲ್ಲಿ ಇದು ಮಾಮೂಲು. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರಗಿನ ತುದಿಯ ಹತ್ತಿರ ಕೂರುತ್ತದೆ. ಹೇಗೂ ಹೊಸ ಚಕ್ರ ಹಾಕುತ್ತಿದ್ದೀರಿ, ಕ್ಯಾಸೆಟ್ ಹಬ್ಬಿಗೇ ಹೋಗಿ. ಈ ಇಡೀ ಕೆಲಸದಲ್ಲಿ ದುಡ್ಡು ಜಾಸ್ತಿ ಹಾಕಬೇಕಾದ ಜಾಗ ಇದು ಅಂತ ನನ್ನ ಅಭಿಪ್ರಾಯ. ಶಿಮಾನೋ ಥರದ 8, 9, 10 ಗೇರಿನ ಕ್ಯಾಸೆಟ್‌ಗಳೆಲ್ಲಾ ಒಂದೇ ಉದ್ದದ ಹಬ್ ಬಾಡಿಯ ಮೇಲೆ ಕೂರುತ್ತವೆ. 7 ಗೇರಿನದಕ್ಕೆ ಹಿಂದೆ 4.5 ಮಿ.ಮೀ. ಸ್ಪೇಸರ್ ಹಾಕಿದರೆ ಸಾಕು, ಹಳೇ ಶಿಫ್ಟರ್ ಹಾಗೇ ಉಳಿಯುತ್ತದೆ.

ಡಿಸ್ಕ್ ಇರುವವರು ರೋಟರ್ (ಬ್ರೇಕ್ ಹಿಡಿಯುವ ತಟ್ಟೆ) ಹೇಗೆ ಕೂತಿದೆ ಅಂತಲೂ ನೋಡಿ. ಆರು ಸ್ಕ್ರೂ ಇರುವುದು ಒಂದು ಬಗೆ. ಮಧ್ಯದಲ್ಲಿ ಒಂದೇ ರಿಂಗ್ ಬಿಗಿದಿರುವ ಸೆಂಟರ್‌ಲಾಕ್ ಇನ್ನೊಂದು. ಸೆಂಟರ್‌ಲಾಕ್ ಹಬ್ಬಿಗೆ ಅಡಾಪ್ಟರ್ ಹಾಕಿ ಆರು ಸ್ಕ್ರೂ ರೋಟರ್ ಕೂರಿಸಬಹುದು. ಉಲ್ಟಾ ಆಗಲ್ಲ.

## ಹಂತ 4: ಭಾರ ಲೆಕ್ಕ ಹಾಕಿ, ಕಡ್ಡಿ ಎಣಿಸಿ

ನಿಮ್ಮ ತೂಕ, ಬ್ಯಾಗು, ಸೈಕಲ್, ಕ್ಯಾರಿಯರ್ ಮೇಲೆ ಇಡುವುದು, ಎಲ್ಲಾ ಕೂಡಿಸಿ. 75 ಕಿಲೋ ಮನುಷ್ಯ, 6 ಕಿಲೋ ಬ್ಯಾಗು, 14 ಕಿಲೋ ಸೈಕಲ್ ಅಂದರೆ ಅಲ್ಲಿಗೇ 95 ಆಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂದಿನ ಚಕ್ರದ ಮೇಲೆ.

ಮುಂದೆ 32 ಕಡ್ಡಿ, ಹಿಂದೆ 36. ದಿನಾ ಓಡಿಸೋಕೆ ನಾನು ಹೇಳುವುದು ಇದೇ. ಒಟ್ಟು ಭಾರ ನೂರರ ಒಳಗಿದ್ದರೆ ಹಿಂದೆಯೂ 32 ನಡೆಯುತ್ತದೆ. ಮಗುವಿನ ಸೀಟು, ದಿನಸಿ ಚೀಲ, ಇದೆಲ್ಲಾ ಇದ್ದರೆ 36 ಬಿಟ್ಟು ಬೇರೆ ಯೋಚನೆ ಬೇಡ. ನಮ್ಮ ಹಳೇ ಕಪ್ಪು ಸೈಕಲ್‌ಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿದ್ದವು. ಹಾಲಿನ ಕ್ಯಾನು, ಸಿಲಿಂಡರ್ ಎಲ್ಲಾ ಹೊತ್ತಿದ್ದು ಅದಕ್ಕೇ. ಕಡ್ಡಿ ಹೆಣೆದಿರುವ ರೀತಿಯನ್ನೂ ನೋಡಿ. ಒಂದೊಂದು ಕಡ್ಡಿ ಹಬ್ಬಿನಿಂದ ರಿಮ್ಮಿಗೆ ಹೋಗುವಾಗ ಮೂರು ಕಡ್ಡಿಗಳನ್ನು ದಾಟಬೇಕು.

20, 24 ಕಡ್ಡಿಯ ಎತ್ತರದ ಕಪ್ಪು ರಿಮ್‌ಗಳು ಫೋಟೋದಲ್ಲಿ ಸೊಗಸಾಗಿರುತ್ತವೆ. ಒಂದು ಕಡ್ಡಿ ಮುರಿದರೆ ಸಾಕು, ಚಕ್ರ ಓರೆಯಾಗಿ ಫ್ರೇಮಿಗೋ ಬ್ರೇಕಿಗೋ ತಗುಲುತ್ತದೆ, ನೀವು ಆಟೋ ಹುಡುಕಬೇಕು. 36ರಲ್ಲಿ ಒಂದು ಹೋದರೆ ನಿಧಾನಕ್ಕೆ ಮನೆ ಸೇರಬಹುದು.

ಕಡ್ಡಿಯೇ ಇಲ್ಲದ ಮೂರು ಕಾಲಿನ, ಆರು ಕಾಲಿನ ಮ್ಯಾಗ್ ವೀಲ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅಗ್ಗದ್ದಂತೂ ಬೇಡವೇ ಬೇಡ. ಗುಂಡಿಗೆ ಬಿದ್ದು ಬಾಗಿದರೆ ಔಟ್ (ಚಕ್ರದ ಓಲಾಟ) ತೆಗೆಯೋಕೆ ದಾರಿಯೇ ಇಲ್ಲ. ಬಿರುಕು ಬಿಟ್ಟರೆ ಇಡೀ ಚಕ್ರ ಗುಜರಿಗೆ.

## ಹಂತ 5: ಕಡ್ಡಿ ಮತ್ತು ನಿಪ್ಪಲ್

ಕಪ್ಪು ಕಡ್ಡಿಗಳಲ್ಲಿ ಎರಡು ಜಾತಿ. ಸ್ಟೇನ್‌ಲೆಸ್ ಸ್ಟೀಲಿಗೆ ಕಪ್ಪು ಲೇಪ ಕೊಟ್ಟದ್ದು ಒಂದು. ಸಾದಾ ಕಬ್ಬಿಣದ ಕಡ್ಡಿಗೆ ಕಪ್ಪು ಬಣ್ಣ ಬಳಿದದ್ದು ಇನ್ನೊಂದು. ಅಂಗಡಿಯಲ್ಲಿ ನೇತುಹಾಕಿದಾಗ ಎರಡೂ ಒಂದೇ ಥರ ಕಾಣುತ್ತವೆ. ಅಯಸ್ಕಾಂತ ಹಿಡಿಯಿರಿ. ಕಬ್ಬಿಣದ್ದು ಬಲವಾಗಿ ಅಂಟಿಕೊಳ್ಳುತ್ತದೆ. ಸ್ಟೇನ್‌ಲೆಸ್ ಕಡ್ಡಿಯೂ ಸ್ವಲ್ಪ ಎಳೆಯುತ್ತದೆ, ಎಳೆದು ತಯಾರಿಸುವಾಗ ಅದಕ್ಕೆ ಆ ಗುಣ ಬರುತ್ತದೆ, ಆದರೆ ಹಿಡಿತ ಬಡಕಲು. ಅಂಗಡಿಯವರ ಹತ್ತಿರ ಒಂದು ಮಾಮೂಲಿ ಕಬ್ಬಿಣದ ಕಡ್ಡಿ ಇಸ್ಕೊಂಡು ಹೋಲಿಸಿ ನೋಡಿದರೆ ವ್ಯತ್ಯಾಸ ತಕ್ಷಣ ಕೈಗೆ ಗೊತ್ತಾಗುತ್ತದೆ.

ದಪ್ಪ 2.0 ಮಿ.ಮೀ. ಇರಲಿ, ಅಂಗಡಿ ಭಾಷೆಯಲ್ಲಿ 14 ಗೇಜ್. ಎರಡು ತುದಿ 2.0, ನಡುವೆ 1.8 ಇರುವ ಕಡ್ಡಿ ಸಿಕ್ಕರೆ ಇನ್ನೂ ಒಳ್ಳೆಯದು. ನಡು ತೆಳ್ಳಗಿದ್ದರೆ ಬಲ ಕಡಿಮೆ ಅಲ್ವಾ ಅಂತ ಕೇಳಬಹುದು. ಕಡ್ಡಿ ಮುರಿಯುವುದು ನಡುವಿನಲ್ಲಿ ಅಲ್ಲ, ಹಬ್ಬಿನ ತೂತಿನಲ್ಲಿ ಬಾಗಿದ ಮೊಣಕೈ ಹತ್ತಿರ ಅಥವಾ ನಿಪ್ಪಲ್ ಒಳಗೆ ಸ್ಕ್ರೂ ಎಳೆ ಕೊರೆದ ಕಡೆ. ನಡು ತೆಳ್ಳಗಿದ್ದರೆ ಅದು ಸ್ವಲ್ಪ ಹಿಗ್ಗಿ ಏಟನ್ನು ತಾನು ತೊಗೊಳ್ಳುತ್ತದೆ, ಮೊಣಕೈಗೆ ಬಿಡುವು ಸಿಗುತ್ತದೆ.

ನಿಪ್ಪಲ್ ಹಿತ್ತಾಳೆಯದ್ದೇ ಆಗಲಿ. ಕಪ್ಪು ಬಣ್ಣದ ಹಿತ್ತಾಳೆ ನಿಪ್ಪಲ್ ಸಿಗುತ್ತದೆ. ಅಲಾಯ್ ನಿಪ್ಪಲ್ ಹಗುರ, ಆದರೆ ಸ್ಟೇನ್‌ಲೆಸ್ ಕಡ್ಡಿ ಜೊತೆ ಉಪ್ಪು ನೀರು ಸೇರಿದರೆ ಕೊರೆದುಹೋಗಿ ಕಚ್ಚಿಕೊಳ್ಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಅಲಾಯ್ ನಿಪ್ಪಲ್ ಮುಟ್ಟಲೇಬಾರದು. ಯಾವ ನಿಪ್ಪಲ್ ಅಂತ ಗುರುತಿಸೋಕೆ ಟೈರ್ ಹಾಕುವ ಮುಂಚೆ ರಿಮ್ಮಿನ ಒಳಗಿಂದ ಸ್ಕ್ರೂಡ್ರೈವರ್ ಕೂರುವ ತಲೆ ನೋಡಿ. ಅಲ್ಲಿ ಒಂದು ಸಣ್ಣ ಗೀರು ಹಾಕಿದರೆ ಹಳದಿ ಹೊಳಪು ಬರುತ್ತದೆ.

## ಹಂತ 6: ರಿಮ್

ಇಲ್ಲಿಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ರಿಮ್‌ಗಳು ನಿಮ್ಮ ಪಟ್ಟಿಯಿಂದ ತಾವಾಗೇ ಬಿದ್ದುಹೋಗಿರುತ್ತವೆ. ಉಳಿದವುಗಳಲ್ಲಿ ಮೊದಲು ನೋಡಬೇಕಾದದ್ದು ಡಬಲ್ ವಾಲ್ ಹೌದೋ ಅಲ್ಲವೋ. ವಾಲ್ವ್ ತೂತಿಗೆ ಟಾರ್ಚ್ ಹಿಡಿದು ಓರೆಯಾಗಿ ಇಣುಕಿ. ಒಂದು ಗೋಡೆ, ಒಂದು ಟೊಳ್ಳು ಜಾಗ, ಆಮೇಲೆ ಮತ್ತೊಂದು ಗೋಡೆ ಕಂಡರೆ ಡಬಲ್ ವಾಲ್. ಸುಮ್ನೆ ಒಂದೇ ತಗಡಿನಲ್ಲಿ ತೂತು ಇದ್ದರೆ ಸಿಂಗಲ್. ಸಿಂಗಲ್ ವಾಲ್ ಮಕ್ಕಳ ಸೈಕಲ್‌ಗೆ ಸಾಕು. ನಮ್ಮ ರಸ್ತೆಯಲ್ಲಿ ದಿನಾ ಓಡಿಸೋಕೆ ಸಾಲಲ್ಲ.

ವಾಲ್ವ್ ತೂತಿನ ಎದುರು ಬದಿಯಲ್ಲಿ ರಿಮ್ಮಿನ ಸೇರಿಕೆ ಇರುತ್ತದೆ. ಅಲ್ಲಿ ಉಗುರು ಎಳೆಯಿರಿ. ರಿಮ್ ಬ್ರೇಕಿನವರಿಗೆ ಇದು ಮುಖ್ಯ. ಉಗುರು ಎಡವಿದರೆ ಬ್ರೇಕ್ ಹಿಡಿದಾಗಲೆಲ್ಲಾ ಸುತ್ತಿಗೊಮ್ಮೆ ಟಕ್ ಅನ್ನುತ್ತದೆ. ಬೆಸುಗೆ ಹಾಕಿ ಸಮ ಮಾಡಿದ ಸೇರಿಕೆ ಉತ್ತಮ. ಒಳಗೆ ತುಂಡು ತೂರಿಸಿ ಸೇರಿಸಿದ್ದೂ ಕೆಟ್ಟದ್ದೇನಲ್ಲ, ನಯವಾಗಿದ್ದರೆ ಸಾಕು.

ಒಳ ಅಗಲ 19ರಿಂದ 23 ಮಿ.ಮೀ. ಇದ್ದರೆ 35ರಿಂದ 45 ಅಗಲದ ಟೈರಿಗೆ ಚೆನ್ನಾಗಿ ಹೊಂದುತ್ತದೆ. ದಿನಾ ಓಡಿಸೋಕೆ ಆ ಅಗಲದ ಟೈರೇ ಸರಿ. ರಿಮ್ ಉಳಿಸುವುದರಲ್ಲಿ ಟೈರಿನ ಪಾಲು ತುಂಬಾ ದೊಡ್ಡದು. 25ರ ತೆಳು ಟೈರ್ ಹಾಕಿ ಎಷ್ಟು ಗಟ್ಟಿ ರಿಮ್ ತಂದರೂ ಗುಂಡಿಯ ಅಂಚು ನೇರ ರಿಮ್ಮಿಗೇ ಬಡಿಯುತ್ತದೆ.

ವಾಲ್ವ್ ತೂತನ್ನೂ ಮರೆಯಬೇಡಿ. ದಪ್ಪ ವಾಲ್ವಿಗೆ ಸುಮಾರು 8.5 ಮಿ.ಮೀ., ತೆಳು ಪ್ರೆಸ್ಟಾಗೆ 6.5. ದಪ್ಪ ವಾಲ್ವ್ ಆದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು. ಪ್ರೆಸ್ಟಾ ಇದ್ದರೆ ಸಣ್ಣ ಅಡಾಪ್ಟರ್ ಒಂದು ಬ್ಯಾಗಿನಲ್ಲಿ ಇರಲೇಬೇಕು.

ಬಿಸಿಲಿಗೆ ಕಪ್ಪು ರಿಮ್ ಕಾದು ಟ್ಯೂಬ್ ಒಡೆಯುತ್ತೆ ಅನ್ನುವ ಭಯ ಕಲಬುರಗಿ, ರಾಯಚೂರಿನ ಕಡೆ ಜಾಸ್ತಿ. ಲೆಕ್ಕ ನೋಡಿ: 25 ಡಿಗ್ರಿಯಲ್ಲಿ 60 ಪಿಎಸ್‌ಐ ಹಿಡಿಸಿದ ಗಾಳಿ 45 ಡಿಗ್ರಿಗೆ ಕಾದರೆ ಸುಮಾರು 65 ಆಗುತ್ತದೆ, ಅಷ್ಟೇ. ಟೈರಿನ ಮೇಲೆ ಬರೆದ ಗರಿಷ್ಠ ಮಿತಿಯವರೆಗೂ ತುಂಬಿಸಿ ಬಿಸಿಲಲ್ಲಿ ನಿಲ್ಲಿಸದಿದ್ದರೆ ಏನೂ ಆಗಲ್ಲ.

## ಹಂತ 7: ಹಬ್ಬಿನ ಬೇರಿಂಗ್

ಗುಂಡು ಹಾಕಿದ ಕಪ್ ಮತ್ತು ಕೋನ್ ಹಬ್ಬು, ಸೀಲ್ ಆದ ಬೇರಿಂಗ್ ಹಬ್ಬು. ಎರಡೂ ಬಾಳುತ್ತವೆ. ಕೋನ್ ಹಬ್ಬಿಗೆ ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಗ್ರೀಸ್ ಹಾಕಿಸಬೇಕು. ಯಾವ ಊರಿನ ಮೆಕ್ಯಾನಿಕ್ಕಿಗೂ ಈ ಕೆಲಸ ಬರುತ್ತದೆ. ಸೀಲ್ ಬೇರಿಂಗ್ ಹಬ್ಬು ತೊಗೊಂಡರೆ ಒಳಗಿನ ಬೇರಿಂಗ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಮಾಮೂಲಿ ನಂಬರ್ ಆಗಿದ್ದರೆ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ, ಸೈಕಲ್ ಅಂಗಡಿ ಸುತ್ತಬೇಕಿಲ್ಲ.

ಸೈಕಲ್ಲನ್ನು ಮೆಟ್ರೋ ಸ್ಟೇಷನ್ನಿನ ಹೊರಗೋ ರಸ್ತೆ ಬದಿಗೋ ನಿಲ್ಲಿಸುವವರು ಕೈಯಲ್ಲೇ ಲಿವರ್ ತಿರುಗಿಸಿ ಬಿಚ್ಚುವ ಕ್ವಿಕ್ ರಿಲೀಸ್ ಬದಲು ಅಲನ್ ಕೀ ಬೇಕಾಗುವ ಸ್ಕ್ಯೂಅರ್ (ಆಕ್ಸಲ್ ಒಳಗೆ ತೂರಿಸುವ ಸರಳು) ಹಾಕಿಸಿ. ಹೊಸ ಕಪ್ಪು ಚಕ್ರ ಕಣ್ಣಿಗೆ ಬೀಳುತ್ತದೆ. ಲಿವರ್ ತಿರುಗಿಸಿ ಮುಂದಿನ ಚಕ್ರ ಎತ್ತಿಕೊಂಡು ಹೋಗೋಕೆ ಜಾಸ್ತಿ ಹೊತ್ತು ಬೇಡ.

## ಹಂತ 8: ದುಡ್ಡು ಕೊಡುವ ಮುಂಚೆ ಹತ್ತು ನಿಮಿಷ

ಒಳ್ಳೇ ಹಬ್ಬು, ಒಳ್ಳೇ ಕಡ್ಡಿ, ಒಳ್ಳೇ ರಿಮ್ ಇದ್ದೂ ಬಿಗಿ ಸರಿಯಿಲ್ಲದಿದ್ದರೆ ಚಕ್ರ ಬಾಳಲ್ಲ. ಕಡ್ಡಿ ಸಡಿಲ ಇದ್ದರೆ, ಪ್ರತಿ ಸುತ್ತಿನಲ್ಲೂ ನೆಲದ ಕಡೆ ಬಂದಾಗ ಅದರ ಬಿಗಿ ಪೂರ್ತಿ ಹೋಗಿ, ಮೇಲೆ ಹೋಗುವಾಗ ಮತ್ತೆ ಎಳೆಯುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ ಕೊನೆಗೆ ಮೊಣಕೈಯಲ್ಲಿ ಮುರಿಯುತ್ತದೆ. ಕಡ್ಡಿ ಮುರಿಯೋದು ಬಿಗಿ ಜಾಸ್ತಿಯಾಗಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಕಾರಣ ಉಲ್ಟಾ.

ಅಂಗಡಿಯಲ್ಲಿ ಚಕ್ರವನ್ನು ಆಕ್ಸಲ್ಲಿನಲ್ಲಿ ಎತ್ತಿ ಹಿಡಿದು ಹೀಗೆ ಮಾಡಿ.

ಮೊದಲು ಆಕ್ಸಲ್ಲನ್ನು ಬೆರಳಿನಲ್ಲಿ ನಿಧಾನಕ್ಕೆ ತಿರುಗಿಸಿ. ಮರಳು ಸಿಕ್ಕ ಹಾಗೆ ಗರಗರ ಅಂದರೆ ಕೋನ್ ಬಿಗಿಯಾಗಿದೆ ಅಥವಾ ಬೇರಿಂಗ್ ಸರಿಯಿಲ್ಲ. ಅತ್ತಿತ್ತ ಅಲುಗಿದರೆ ಸಡಿಲ. ಕ್ವಿಕ್ ರಿಲೀಸ್ ಇರುವ ಕೋನ್ ಹಬ್ಬಿನಲ್ಲಿ ಚೂರೇ ಚೂರು ಅಲುಗಾಟ ಇರಬಹುದು, ಲಿವರ್ ಬಿಗಿದಾಗ ಅದು ಹೋಗುತ್ತದೆ.

ಆಮೇಲೆ ಒಂದೇ ಬದಿಯ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಲ್ಲಿ ಮೀಟಿ. ಸ್ವರ ಹೆಚ್ಚು ಕಡಿಮೆ ಒಂದೇ ಇರಬೇಕು. ಟಿಂಗ್ ಟಿಂಗ್ ಅನ್ನುವ ಸಾಲಿನಲ್ಲಿ ಒಂದು ಡಬ್ ಅಂದರೆ ಅದು ಸಡಿಲ. ಹಿಂದಿನ ಚಕ್ರದಲ್ಲಿ ಚೈನ್ ಇಲ್ಲದ ಬದಿಯ ಸ್ವರ ಕೆಳಗಿರುವುದು ಸಹಜ. ಹಲ್ಲುಗಳಿಗೆ ಜಾಗ ಬಿಡೋಕೆ ಹಬ್ಬಿನ ಚೈನ್ ಬದಿಯ ಕಿವಿ (ಕಡ್ಡಿ ಸಿಕ್ಕಿಸುವ ಅಂಚು) ಮಧ್ಯಕ್ಕೆ ಸರಿದಿರುತ್ತದೆ, ಇನ್ನೊಂದು ಬದಿಯದು ದೂರ ಇರುತ್ತದೆ, ಹಾಗಾಗಿ ಚೈನ್ ಇಲ್ಲದ ಬದಿಯ ಬಿಗಿ ಚೈನ್ ಬದಿಯ ಅರ್ಧದಿಂದ ಮೂರನೇ ಎರಡರಷ್ಟು ಮಾತ್ರ. ಅಂಗಡಿಯಲ್ಲಿ ಕಡ್ಡಿಯ ಬಿಗಿ ಅಳೆಯುವ ಟೆನ್ಷನ್ ಮೀಟರ್ ಇದ್ದರೆ ಹಿಂದಿನ ಚಕ್ರದ ಚೈನ್ ಬದಿಗೆ 100ರಿಂದ 120 ಕೆಜಿಎಫ್ (ಕಿಲೋಗ್ರಾಂ ಬಲ) ಬರಲಿ. ರಿಮ್ ತಯಾರಕರು ಬೇರೆ ಮಿತಿ ಹೇಳಿದ್ದರೆ ಅದೇ ಅಂತಿಮ.

ಕೊನೆಗೆ, ಒಂದೇ ಬದಿಯ ಸಮಾನಾಂತರ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಸುಕಿ. ಸುತ್ತ ಪೂರ್ತಿ ಮಾಡಿ. ಟಿಕ್ ಟಿಕ್ ಸದ್ದು ಬಂದು, ಮತ್ತೆ ತಿರುಗಿಸಿದಾಗ ಚಕ್ರ ಓರೆಯಾಗಿ ಕಂಡರೆ ಅದನ್ನು ಅವಸರದಲ್ಲಿ ಕಟ್ಟಿದ್ದಾರೆ ಅಂತ ಅರ್ಥ. ಕೊಳ್ಳಬೇಡಿ ಅಂತಲ್ಲ. ಅಲ್ಲೇ ಸ್ಟ್ಯಾಂಡಿಗೆ ಹಾಕಿಸಿ ಬಿಗಿ ಸಮ ಮಾಡಿಸಿ, ಆಮೇಲೆ ದುಡ್ಡು ಕೊಡಿ. ಅಕ್ಕಪಕ್ಕದ ಓಲಾಟ ಅರ್ಧ ಮಿಲಿಮೀಟರ್ ಒಳಗಿದ್ದರೆ ಬಹಳ ಚೆನ್ನ, ಒಂದರ ತನಕ ಒಪ್ಪಬಹುದು.

ಆನ್‌ಲೈನಿನಲ್ಲಿ ತರಿಸುವವರಿಗೆ ಈ ಅವಕಾಶ ಇಲ್ಲ. ಚಕ್ರ ಬಂದ ದಿನ ಟೈರ್ ಹಾಕುವ ಮುಂಚೆ ಇದಿಷ್ಟನ್ನೂ ಮನೆಯಲ್ಲೇ ನೋಡಿ. ಟೈರ್ ಹಾಕಿ ಓಡಿಸಿದ ಮೇಲೆ ವಾಪಸ್ ತೊಗೊಳ್ಳೋದು ಕಷ್ಟ.

## ಹಂತ 9: ಕೂರಿಸುವುದು

ಹಳೇ ಚಕ್ರದ ರಿಮ್ ಟೇಪನ್ನೇ (ರಿಮ್ಮಿನ ಒಳಗೆ ಕಡ್ಡಿ ತೂತು ಮುಚ್ಚುವ ಪಟ್ಟಿ) ಕಿತ್ತು ಹೊಸ ಚಕ್ರಕ್ಕೆ ಹಾಕಬೇಡಿ, ಹೊಸದು ತೊಗೊಳ್ಳಿ. ಅಗಲ ರಿಮ್ಮಿನ ಒಳ ಅಗಲಕ್ಕೆ ಸರಿಯಾಗಿರಲಿ. ಡಬಲ್ ವಾಲ್ ರಿಮ್ಮಿನ ಕಡ್ಡಿ ತೂತು ದೊಡ್ಡದು. ಟೇಪ್ ಕಿರಿದಾದರೆ ಪಕ್ಕಕ್ಕೆ ಸರಿದು ಟ್ಯೂಬ್ ತೂತಿನೊಳಗೆ ಉಬ್ಬಿ ಪಂಕ್ಚರ್ ಆಗುತ್ತದೆ. ಪದೇ ಪದೇ ಟ್ಯೂಬಿನ ಒಳಬದಿಯಲ್ಲೇ ಪಂಕ್ಚರ್ ಆದರೆ ಮುಳ್ಳು ಹುಡುಕಬೇಡಿ, ಟೇಪ್ ನೋಡಿ.

ಫ್ರೀವೀಲ್ ಅಥವಾ ಕ್ಯಾಸೆಟ್ ಕೂರಿಸುವ ಮುಂಚೆ ಸ್ಕ್ರೂ ಎಳೆಗೆ ತೆಳ್ಳಗೆ ಗ್ರೀಸ್ ಸವರಿ. ಡಿಸ್ಕ್ ಇರುವವರು ರೋಟರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹತ್ತಿರ ಎಣ್ಣೆ ಸ್ಪ್ರೇ ಹೊಡೆಯಲೇಬೇಡಿ. ಕಪ್ಪು ರಿಮ್ ಮಿಂಚಲಿ ಅಂತ ಪಾಲಿಶ್ ಹಚ್ಚುವ ಚಟ ಇರುವವರಿಗೂ ಇದೇ ಮಾತು. ಬ್ರೇಕ್ ಪಟ್ಟಿಗೆ, ರೋಟರ್‌ಗೆ ಪಾಲಿಶ್ ತಾಗಿದರೆ ಬ್ರೇಕ್ ಹಿಡಿಯಲ್ಲ.

ರಿಮ್ ಬ್ರೇಕಿನವರು ಹೊಸ ರಿಮ್ಮಿಗೆ ಹಳೇ ರಬ್ಬರ್ ಹಾಗೇ ಬಿಡಬೇಡಿ. ರಬ್ಬರಿನ ಮುಖ ಬಿಸಿಲಿಗೆ ಹಿಡಿದು ನೋಡಿದರೆ ಅಲ್ಲಲ್ಲಿ ಬೆಳ್ಳಿ ಚೂರು ಮಿಣುಕುತ್ತಿರುತ್ತವೆ. ಅವು ಹಳೇ ರಿಮ್ಮಿನಿಂದ ಕಿತ್ತು ಬಂದ ಅಲ್ಯುಮಿನಿಯಂ, ಜೊತೆಗೆ ರಸ್ತೆಯ ಮರಳು. ಸೂಜಿಯಿಂದ ಕೀಳಿ, ಇಲ್ಲ ರಬ್ಬರೇ ಬದಲಿಸಿ. ಹಾಗೇ ಬಿಟ್ಟರೆ ಹೊಸ ರಿಮ್ಮಿಗೆ ಮೊದಲ ಮಳೆಯಲ್ಲೇ ಗೀರು ಬೀಳುತ್ತದೆ.

## ಹಂತ 10: ಮೊದಲ 300 ಕಿಲೋಮೀಟರ್, ಆಮೇಲಿನ ಎಚ್ಚರಿಕೆಗಳು

ಮೊದಲ ಸವಾರಿಯಲ್ಲಿ ನಾಲ್ಕೈದು ಸಲ ಟಿಣ್ ಅಂತ ಸದ್ದು ಬರಬಹುದು, ತಿರುಚಿಕೊಂಡಿದ್ದ ಕಡ್ಡಿಗಳು ಬಿಚ್ಚಿಕೊಳ್ಳುವುದು. ಎರಡನೇ ದಿನವೂ ಬಂದರೆ ಪರೀಕ್ಷೆ ಮಾಡಿಸಿ. 200ರಿಂದ 300 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಿಗಿ ನೋಡಿಸಿ ಔಟ್ ತೆಗೆಸಲೇಬೇಕು. ಕಂಪನಿ ಚಕ್ರಕ್ಕೂ ಇದು ಬೇಕು. ಇದನ್ನು ತಪ್ಪಿಸಿದವರ ಚಕ್ರಗಳೇ ಜಾಸ್ತಿ ಹಾಳಾಗುವುದು.

ಔಟ್ ಎಷ್ಟಿದೆ ಅಂತ ಮನೆಯಲ್ಲೇ ನೋಡೋಕೆ ಫೋರ್ಕಿಗೆ ಜಿಪ್ ಟೈ ಕಟ್ಟಿ, ತುದಿಯನ್ನು ರಿಮ್ಮಿಗೆ ತಾಗುವಷ್ಟು ಹತ್ತಿರ ಕತ್ತರಿಸಿ, ಚಕ್ರ ತಿರುಗಿಸಿ. ಎಲ್ಲಿ ಕರ್ರ್ ಅನ್ನುತ್ತದೋ ಅಲ್ಲಿ ಬಾಗಿದೆ. ನೀವೇ ಸರಿ ಮಾಡುವುದಾದರೆ ನಿಪ್ಪಲ್ಲನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ.

ಕಪ್ಪು ರಿಮ್ಮಿನಲ್ಲಿ ಬಿರುಕು ಬೇಗ ಕಣ್ಣಿಗೆ ಬೀಳಲ್ಲ. ಅದಕ್ಕೇ ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚನ್ನು ರಿಮ್ಮಿಗೆ ಓರೆಯಾಗಿ ಹಿಡಿದು ಒಂದೊಂದೇ ನಿಪ್ಪಲ್ ಸುತ್ತ ನೋಡಿ. ಕೂದಲೆಳೆಯಷ್ಟು ಬೆಳ್ಳಗಿನ ಗೆರೆ ತೂತಿನಿಂದ ರಿಮ್ಮಿನ ಉದ್ದಕ್ಕೆ ಹೊರಟಿದ್ದರೆ, ಅಥವಾ ನಿಪ್ಪಲ್ ಸುತ್ತ ಲೋಹ ಸ್ವಲ್ಪ ಉಬ್ಬಿದ್ದರೆ ಆ ರಿಮ್ಮಿನ ಕಥೆ ಮುಗಿಯಿತು. ಬಿಗಿ ಕಡಿಮೆ ಮಾಡಿ ಓಡಿಸೋಣ ಅನ್ನುವುದು ಪರಿಹಾರ ಅಲ್ಲ.

ಬ್ರೇಕ್ ಪಟ್ಟಿಗೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ. ಮಧ್ಯೆ ತಗ್ಗಾಗಿ ಬೆಳಕು ಕಂಡರೆ ಗೋಡೆ ಸವೆದಿದೆ. ಪಟ್ಟಿ ಹೊರಕ್ಕೆ ಉಬ್ಬಿದ್ದರೆ ಆ ಕ್ಷಣವೇ ಗಾಳಿ ಬಿಟ್ಟು ಸೈಕಲ್ ನಿಲ್ಲಿಸಿ. ಗಾಳಿಯ ಒತ್ತಡಕ್ಕೆ ಸವೆದ ಗೋಡೆ ಸಿಡಿಯುತ್ತದೆ, ಅದೂ ಓಡುವಾಗ.

ಹಿಂದಿನ ಕಡ್ಡಿ ಒಂದು ಮುರಿದರೆ ಬದಲಿಸಿ. ಸ್ವಲ್ಪ ದಿನಕ್ಕೆ ಎರಡನೆಯದು, ಮೂರನೆಯದು ಮುರಿದರೆ ಉಳಿದವೂ ಅಷ್ಟೇ ದಣಿದಿವೆ. ಒಂದೊಂದೇ ಹಾಕಿಸುತ್ತಾ ಕೂರಬೇಡಿ, ರಿಮ್ ಚೆನ್ನಾಗಿದ್ದರೆ ಅಷ್ಟೂ ಕಡ್ಡಿ ಹೊಸದು ಹಾಕಿಸಿ ಮತ್ತೆ ಕಟ್ಟಿಸಿ.

ದಾರಿಯಲ್ಲಿ ಮುರಿದರೆ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ, ರಿಮ್ ಬ್ರೇಕ್ ತಗುಲುತ್ತಿದ್ದರೆ ಆ ಚಕ್ರದ ಬ್ರೇಕ್ ಸಡಿಲಿಸಿ, ಇನ್ನೊಂದು ಬ್ರೇಕಿನ ಮೇಲೆ ಭರವಸೆ ಇಟ್ಟು ಮೆಲ್ಲಗೆ ಹೋಗಿ. ಚಕ್ರ ಕಟ್ಟಿಸಿದ ದಿನವೇ ಕಡ್ಡಿಯ ಉದ್ದವನ್ನು ಮಿಲಿಮೀಟರಿನಲ್ಲಿ ಕೇಳಿ ಬರೆದುಕೊಳ್ಳಿ. ಹಿಂದಿನ ಚಕ್ರದ ಎರಡು ಬದಿಗೂ ಉದ್ದ ಒಂದೇ ಇರಲ್ಲ, ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ. ಎರಡು ಬದಿಯದೂ ಒಂದೊಂದು ಹೆಚ್ಚುವರಿ ಕಡ್ಡಿಯನ್ನು ನಿಪ್ಪಲ್ ಸಮೇತ ಫ್ರೇಮಿನ ಹಿಂದಿನ ಕೊಳವೆಗೆ ಟೇಪ್ ಸುತ್ತಿ ಇಟ್ಟುಕೊಳ್ಳಿ. ಬಡಾವಣೆಯ ಪಂಕ್ಚರ್ ಅಂಗಡಿಯಲ್ಲಿ ಕಡ್ಡಿ ಹಾಕುವವರು ಸಿಗುತ್ತಾರೆ, ನಿಮ್ಮ ಅಳತೆಯ ಕಪ್ಪು ಕಡ್ಡಿ ಸಿಗಲ್ಲ.